ಗೂಬೆ ಕೂಗಿದರೆ ಸಾವು ಬರುವುದಿಲ್ಲ

ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ ನೆಲೆಸಿದ ನಮ್ಮವರು ಮಗ್ರಿಬ್ ಬಾಂಗ್ ಹೊತ್ತಿಗೆ ಪಾರ್ಕಿನ ಹಳೆಯ ಮರಗಳನ್ನು ಗಮನಿಸಲಿ. ಗಿಳಿ, ಮೈನಾಗಳ ಗಲಾಟೆ ಮುಗಿಯುವಾಗ ಪೊಟರೆಯಿಂದ ಹಾಲಕ್ಕಿ ಇಣುಕುವುದುಂಟು. ಸುಮಾರು 21 ಸೆಂ.ಮೀ. ಉದ್ದದ ಪುಟ್ಟ ಗೂಬೆಯದು. ಹುಳ, ಮಿಡತೆ, ಇಲಿಮರಿ ತಿಂದು ನಮಗೇ ಉಪಕಾರ ಮಾಡುತ್ತದೆ.

ಅದು ಕೂಗಿದರೆ ಮನೆಯಲ್ಲಿ ಸಾವು ಅಂತ ಕಲ್ಲು ಬೀಸುವವರು ನಮ್ಮಲ್ಲೂ ಇದ್ದಾರೆ. ಜಾಹಿಲಿಯ್ಯಾ ಕಾಲದ ಅರಬರಿಗೂ ಇಂಥದೇ ಭಯವಿತ್ತು. ‘ಹಾಮಾ’ ಎಂಬ ಆ ಮೂಢನಂಬಿಕೆಯನ್ನು ಪ್ರವಾದಿ (ಸ.ಅ.) ತಳ್ಳಿಹಾಕಿದ್ದು ಸಹೀಹ್ ಬುಖಾರಿಯಲ್ಲಿದೆ. ಹಾಮಾ ಎಂದರೆ ಗೂಬೆ ಎಂದೂ ಉಲಮಾಗಳು ವಿವರಿಸಿದ್ದಾರೆ.

ಮಾಟಕ್ಕೆಂದು ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರವೂ ಅಪರಾಧ. ಮಕ್ಕಳಿಗೆ ಹಾಲಕ್ಕಿಯನ್ನು ದೂರದಿಂದಲೇ ತೋರಿಸಿ, ಟಾರ್ಚ್ ಬಿಡಬೇಡಿ. ಆ ದುಂಡು ಕಣ್ಣು ನೋಡಿದ ಮಗು ಮತ್ತೆ ಕಲ್ಲು ಎತ್ತಲಿಕ್ಕಿಲ್ಲ.