ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯ: ಭೇಟಿ ನೀಡಲಿಚ್ಛಿಸುವವರಿಗೆ ಮಾಹಿತಿ

ಹಂಪಿಗೆ ಬರುವ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಕಮಲಾಪುರದ ವಸ್ತುಸಂಗ್ರಹಾಲಯವನ್ನು ದಿನದ ಕೊನೆಗೆ ಇರಿಸಿಕೊಳ್ಳುತ್ತಾರೆ. ಇಡೀ ದಿನ ಬಂಡೆಗಳ ನಡುವೆ ಬಿಸಿಲಿನಲ್ಲಿ ಅಲೆದು, ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿಗೆ ತಲುಪಿ, ಅವಸರದಲ್ಲಿ ಸುತ್ತು ಹಾಕಿ ಹಿಂದಿರುಗುತ್ತಾರೆ. ಈ ಕ್ರಮವನ್ನು ಬದಲಿಸಿಕೊಂಡು, ಸಂಗ್ರಹಾಲಯವನ್ನು ಮೊದಲು ನೋಡಿ ಅನಂತರ ಸ್ಮಾರಕಗಳಿಗೆ ತೆರಳುವುದು ಎಲ್ಲ ರೀತಿಯಿಂದಲೂ ಅನುಕೂಲಕರ. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಪ್ರದೇಶವು ಸುಮಾರು 4,187 ಹೆಕ್ಟೇರುಗಳಷ್ಟು ವಿಸ್ತಾರವಾದುದು. ಅದರಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳು ಉಳಿದಿವೆ. ನಗರದ ಒಟ್ಟು ರೂಪ ತಿಳಿಯದೆ ಹೋದವರಿಗೆ ಅವು ಬಿಡಿಬಿಡಿಯಾದ ಕಲ್ಲುಕಟ್ಟಡಗಳಾಗಿ ಮಾತ್ರ ಕಾಣುತ್ತವೆ.

ತಲುಪುವ ಬಗೆ

ಕಮಲಾಪುರವು ಹೊಸಪೇಟೆಯಿಂದ ಸುಮಾರು 12 ಕಿ.ಮೀ. ದೂರದಲ್ಲಿದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ರಚಿಸಲಾದ ವಿಜಯನಗರ ಜಿಲ್ಲೆಗೆ ಈ ಊರು ಸೇರಿದ್ದು, ಹೊಸಪೇಟೆಯೇ ಜಿಲ್ಲಾ ಕೇಂದ್ರವಾಗಿದೆ. ಹಳೆಯ ಕೈಪಿಡಿಗಳಲ್ಲಿ ಬಳ್ಳಾರಿ ಜಿಲ್ಲೆ ಎಂದೇ ನಮೂದಾಗಿರುವುದರಿಂದ ಅರ್ಜಿ ಹಾಗೂ ಪತ್ರಗಳನ್ನು ಕಳುಹಿಸುವವರು ಇದನ್ನು ಗಮನಿಸತಕ್ಕದ್ದು. ಮೈಸೂರು ಮತ್ತು ಬೆಂಗಳೂರಿನ ಕಡೆಯಿಂದ ರೈಲಿನಲ್ಲಿ ಬರುವವರು ಹೊಸಪೇಟೆ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಬಸ್ಸು ಅಥವಾ ಆಟೋರಿಕ್ಷಾದಲ್ಲಿ ಕಮಲಾಪುರ ತಲುಪಬಹುದು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ವಸತಿಗೃಹವು ಕಮಲಾಪುರದಲ್ಲಿಯೇ ಇದೆ.

ದಿನ, ವೇಳೆ ಮತ್ತು ಪ್ರವೇಶ ಶುಲ್ಕ

ಸಂಗ್ರಹಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದು, ಪ್ರತಿ ಶುಕ್ರವಾರ ರಜೆ ಇರುತ್ತದೆ. ಉಳಿದ ದಿನಗಳಲ್ಲಿ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಸ್ಮಾರಕಗಳಿಗೆ ಶುಕ್ರವಾರದ ರಜೆ ಇಲ್ಲದಿರುವುದರಿಂದ ಸಂಗ್ರಹಾಲಯವೂ ತೆರೆದಿರುವುದೆಂದು ಭಾವಿಸಿ ಬಂದು ನಿರಾಶರಾಗುವವರು ಇದ್ದಾರೆ. ದೂರದ ಊರುಗಳಿಂದ ಶಾಲಾ ಮಕ್ಕಳನ್ನು ಕರೆತರುವವರು ವಾರದ ದಿನವನ್ನು ಮೊದಲು ನೋಡಿಕೊಂಡು ವಾಹನ ಗೊತ್ತುಪಡಿಸುವುದು ಲೇಸು.

2018ರಲ್ಲಿ ಪರಿಷ್ಕರಿಸಲಾದ ದರದಂತೆ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600 ರೂಪಾಯಿ ಪ್ರವೇಶ ಶುಲ್ಕವಿದೆ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು ಹೊಂದಿರುವವರಿಗೆ ಸ್ಮಾರಕ ಮತ್ತು ವಸ್ತುಸಂಗ್ರಹಾಲಯಗಳ ಪ್ರವೇಶ ಶುಲ್ಕದಲ್ಲಿ ಭಾರತೀಯರಿಗೆ ಸಮನಾದ ಸೌಲಭ್ಯವನ್ನು 2021ರ ಕೇಂದ್ರ ಸರ್ಕಾರದ ಅಧಿಸೂಚನೆಯು ಕಲ್ಪಿಸಿದೆ. ವಿದೇಶಗಳಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ಕನ್ನಡಿಗರು ಆ ಕಾರ್ಡನ್ನು ಮರೆಯದೆ ತರತಕ್ಕದ್ದು.

ಒಂದೇ ಟಿಕೆಟ್ಟಿನಲ್ಲಿ ವಿಠ್ಠಲ ದೇವಾಲಯ, ಕಮಲ ಮಹಲ್ ಮತ್ತು ಆನೆಲಾಯಗಳಿರುವ ರಾಣೀವಾಸದ ಆವರಣ ಹಾಗೂ ಈ ಸಂಗ್ರಹಾಲಯ, ಹೀಗೆ ಮೂರು ಸ್ಥಳಗಳನ್ನು ನೋಡಬಹುದು. ಆದರೆ ಟಿಕೆಟ್ಟು ಅದೇ ದಿನಕ್ಕೆ ಮಾತ್ರ ಮಾನ್ಯ. ಆದುದರಿಂದ ಎರಡು ದಿನ ತಂಗುವವರು ಶುಲ್ಕವಿರುವ ಈ ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿಕೊಂಡು, ವಿರೂಪಾಕ್ಷ ದೇವಾಲಯ, ಹೇಮಕೂಟ, ಹಜಾರರಾಮ ದೇವಾಲಯ, ಮಹಾನವಮಿ ದಿಬ್ಬ ಮುಂತಾದವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಲ್ಲಿ ಹಣವೂ ಶ್ರಮವೂ ಉಳಿಯುತ್ತದೆ. ಬೆಳಿಗ್ಗೆ ಸಂಗ್ರಹಾಲಯ, ಅನಂತರ ರಾಣೀವಾಸದ ಆವರಣ, ಬಿಸಿಲು ಇಳಿದ ಮೇಲೆ ವಿಠ್ಠಲ ದೇವಾಲಯ ಎಂಬ ಕ್ರಮ ಸೂಕ್ತ. ವಿಠ್ಠಲ ದೇವಾಲಯದ ಬಳಿಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ನಿಲುಗಡೆಯ ಸ್ಥಳದಿಂದ ಬ್ಯಾಟರಿ ವಾಹನದಲ್ಲಿ ಅಥವಾ ನಡೆದು ಹೋಗಬೇಕಾಗುವುದರಿಂದ ಅದಕ್ಕೂ ಸಮಯ ಮೀಸಲಿಡಬೇಕು.

ಸಂಗ್ರಹಾಲಯದಲ್ಲಿ ನೋಡತಕ್ಕವು

ಹಾಳುಬಿದ್ದ ನಗರದಲ್ಲಿ ಚದುರಿ ಬಿದ್ದಿದ್ದ ಶಿಲ್ಪಗಳನ್ನು ಬ್ರಿಟಿಷ್ ಅಧಿಕಾರಿಗಳು ಮೊದಲು ಆನೆಲಾಯದಲ್ಲಿ ಸಂಗ್ರಹಿಸಿಟ್ಟಿದ್ದರು. 1972ರಲ್ಲಿ ಈ ಸಂಗ್ರಹವು ಕಮಲಾಪುರದ ಈಗಿನ ಕಟ್ಟಡಕ್ಕೆ ಬಂದಿತು. ಕಟ್ಟಡದ ನಡುವಿನ ಅಂಗಳದಲ್ಲಿರುವ ಹಂಪಿ ಕಣಿವೆಯ ದೊಡ್ಡ ಮಾದರಿಯು ಇಲ್ಲಿಯ ಮುಖ್ಯ ಆಕರ್ಷಣೆ. ಬೆಟ್ಟಗುಡ್ಡಗಳು, ತುಂಗಭದ್ರಾ ನದಿ, ದಾರಿಗಳು, ದೇವಾಲಯಗಳು ಎಲ್ಲವನ್ನೂ ಮೇಲಿನಿಂದ ನೋಡಿದಂತೆ ಇಲ್ಲಿ ನೋಡಬಹುದು.

ಈ ಮಾದರಿಯ ಮುಂದೆ ಕನಿಷ್ಠ ಅರ್ಧ ಗಂಟೆ ಕಳೆಯುವುದು ಅಗತ್ಯ. ಮೊದಲು ನದಿಯನ್ನು ಗುರುತಿಸಿಕೊಳ್ಳಬೇಕು. ಅದರ ದಕ್ಷಿಣ ದಡದಲ್ಲಿ ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಸಾಲು ಇದೆ. ಅರಮನೆಯ ಆವರಣವಾದರೋ ಇನ್ನೂ ದಕ್ಷಿಣಕ್ಕೆ, ಕಮಲಾಪುರದ ಕಡೆಗಿದೆ. ಇವೆರಡರ ನಡುವೆ ಕಟ್ಟಡಗಳಿಲ್ಲದ ತಗ್ಗು ಪ್ರದೇಶವೊಂದು ಹಾದುಹೋಗುತ್ತದೆ. ಇಂದು ಬಾಳೆ ತೋಟಗಳಿಂದ ತುಂಬಿರುವ ಆ ಪ್ರದೇಶವನ್ನು ಪ್ರವಾಸಿಗರು ವಾಹನದಲ್ಲಿ ಕುಳಿತು ದಾಟಿಬಿಡುತ್ತಾರೆ. ಅದು ನಗರಕ್ಕೆ ಅನ್ನ ಒದಗಿಸಿದ ನೀರಾವರಿ ಭೂಮಿ. ವಿಜಯನಗರ ಕಾಲದ ತುರುತ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ. ದೇವಾಲಯಗಳ ನೆಲೆ, ಗದ್ದೆ ತೋಟಗಳು, ಅರಮನೆಯ ನೆಲೆ ಎಂಬ ಈ ವಿನ್ಯಾಸವನ್ನು ಮಾದರಿಯಲ್ಲಿ ಒಮ್ಮೆ ಕಂಡವರಿಗೆ ಹೊರಗೆ ದಾರಿ ತಪ್ಪುವ ಸಂಭವ ಕಡಿಮೆ.

ಮಾದರಿಯ ಸುತ್ತಲೂ ಶಾಲೆಗಳಿವೆ. ಶೈವ ಶಿಲ್ಪಗಳ ವಿಭಾಗದಲ್ಲಿ ವೀರಭದ್ರ, ಭೈರವ, ಭಿಕ್ಷಾಟನಮೂರ್ತಿ, ಮಹಿಷಾಸುರಮರ್ದಿನಿ, ಗಣೇಶ ಮುಂತಾದ ಮೂರ್ತಿಗಳಿವೆ. ವೈಷ್ಣವ ಶಿಲ್ಪಗಳಿಗೆ ಬೇರೆ ವಿಭಾಗವಿದೆ. ಆಯುಧಗಳು, ಪೂಜಾ ಸಾಮಗ್ರಿಗಳು, ನಾಣ್ಯಗಳು ಮತ್ತು ತಾಮ್ರಶಾಸನಗಳು ಮತ್ತೊಂದೆಡೆ ಇವೆ. ನಾಣ್ಯಗಳು ಚಿಕ್ಕವಾದುದರಿಂದ ಜನರು ಅವುಗಳ ಬಳಿ ಹೆಚ್ಚು ನಿಲ್ಲುವುದಿಲ್ಲ; ಆದರೆ ವಿಜಯನಗರದ ಇತಿಹಾಸವನ್ನು ಅಂಗೈಯಗಲದಲ್ಲಿ ಹೇಳುವ ವಸ್ತುಗಳೆಂದರೆ ಅವೇ. ಕೃಷ್ಣದೇವರಾಯನ ನಾಣ್ಯಗಳಲ್ಲಿ ಬಾಲಕೃಷ್ಣನೂ ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವೂ ಇರುವುದು ಪ್ರಸಿದ್ಧ. ವಿಜಯನಗರದ ಅನೇಕ ತಾಮ್ರಶಾಸನಗಳು ನಂದಿನಾಗರಿ ಲಿಪಿಯ ಸಂಸ್ಕೃತದಲ್ಲಿದ್ದರೂ, ಕೊನೆಯಲ್ಲಿ ರಾಜರ ಅಂಕಿತವಾದ ‘ಶ್ರೀ ವಿರೂಪಾಕ್ಷ’ ಎಂಬುದು ಕನ್ನಡ ಅಕ್ಷರಗಳಲ್ಲಿರುತ್ತದೆ. ಲಿಪಿ ತಿಳಿಯದೆಂದು ಮುಂದೆ ಸಾಗುವ ಮುನ್ನ ಕನ್ನಡ ಓದಬಲ್ಲವರು ಶಾಸನದ ಕೊನೆಯ ಹಲಗೆಯತ್ತ ಒಮ್ಮೆ ಕಣ್ಣು ಹಾಯಿಸಬಹುದು.

ಮಕ್ಕಳಿಗೆ ವೀರಗಲ್ಲು ಮತ್ತು ಮಹಾಸತಿ ಕಲ್ಲುಗಳನ್ನು ತಪ್ಪದೆ ತೋರಿಸಬೇಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು ಕ್ರಮ: ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಲಿಂಗಪೂಜೆ. ಬಳೆ ತೊಟ್ಟು ಮೇಲೆತ್ತಿದ ಕೈ ಮಾಸ್ತಿಕಲ್ಲಿನ ಗುರುತು. ಇಂತಹ ಕಲ್ಲುಗಳು ಕರ್ನಾಟಕದ ಅಸಂಖ್ಯಾತ ಊರುಗಳಲ್ಲಿ ಇರುವುದರಿಂದ, ಇಲ್ಲಿ ಕಲಿತುದು ಮಕ್ಕಳಿಗೆ ತಮ್ಮ ಊರಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಉತ್ಖನನದಲ್ಲಿ ದೊರೆತ ಗಾರೆಯ ಬೊಂಬೆಗಳು, ಕಬ್ಬಿಣದ ವಸ್ತುಗಳು ಹಾಗೂ ಪಿಂಗಾಣಿಯ ಚೂರುಗಳೂ ಪ್ರದರ್ಶನದಲ್ಲಿವೆ.

ಇಲ್ಲಿ ದೊರೆಯದ ಒಂದು ಮೂರ್ತಿಯನ್ನು ಕುರಿತು ಹೇಳಬೇಕಾಗಿದೆ. ಕೃಷ್ಣದೇವರಾಯನು ಉದಯಗಿರಿಯ ವಿಜಯದ ನಂತರ ಅಲ್ಲಿಂದ ತಂದು 1515ರಲ್ಲಿ ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ ಬಾಲಕೃಷ್ಣನ ವಿಗ್ರಹವು ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ದೇವಾಲಯದ ಗರ್ಭಗುಡಿ ಬರಿದಾಗಿದೆ.

ಗುಂಪು ಭೇಟಿ ಮತ್ತು ನಿಯಮಗಳು

ಶಾಲಾ ಕಾಲೇಜುಗಳಿಂದ ಗುಂಪಾಗಿ ಬರುವವರು ಸಂಸ್ಥೆಯ ಮುಖ್ಯಸ್ಥರ ಪತ್ರ, ವಿದ್ಯಾರ್ಥಿಗಳ ಪಟ್ಟಿ ಹಾಗೂ ವಯಸ್ಸನ್ನು ದೃಢಪಡಿಸುವ ಗುರುತಿನ ಚೀಟಿಗಳನ್ನು ತಂದಲ್ಲಿ ಪ್ರವೇಶದ್ವಾರದಲ್ಲಿ ವಿಳಂಬವಾಗುವುದಿಲ್ಲ. ಮಾದರಿಯ ಸುತ್ತ ಏಕಕಾಲಕ್ಕೆ ಹೆಚ್ಚು ಮಂದಿ ನಿಂತರೆ ಹಿಂದಿನವರಿಗೆ ಏನೂ ಕಾಣಿಸದು. ಮಕ್ಕಳನ್ನು ಸಣ್ಣ ತಂಡಗಳಾಗಿ ವಿಂಗಡಿಸುವುದು ಒಳಿತು. ಮಾರ್ಗದರ್ಶಿಗಳನ್ನು ನೇಮಿಸಿಕೊಳ್ಳುವವರು ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಹೊಂದಿರುವವರನ್ನೇ ಆರಿಸಿಕೊಳ್ಳಬೇಕು ಮತ್ತು ಸಂಭಾವನೆಯನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕು.

ಶಿಲ್ಪಗಳನ್ನು ಮುಟ್ಟುವುದು, ಅವುಗಳಿಗೆ ಕುಂಕುಮ ಹೂವು ಏರಿಸುವುದು ಸಲ್ಲದು. ಭಕ್ತಿಯಿಂದ ಮಾಡಿದರೂ ಎಣ್ಣೆ ಕುಂಕುಮಗಳಿಂದ ಕಲ್ಲಿಗೆ ಹಾನಿಯಾಗುತ್ತದೆ. ಛಾಯಾಚಿತ್ರ ತೆಗೆಯುವವರು ಯಾವ ವಿಭಾಗಗಳಲ್ಲಿ ಅವಕಾಶವಿದೆಯೆಂಬುದನ್ನು ಸಿಬ್ಬಂದಿಯಿಂದ ತಿಳಿದುಕೊಳ್ಳತಕ್ಕದ್ದು. ಕ್ಯಾಮೆರಾ ಸ್ಟ್ಯಾಂಡ್ ಬಳಸಲು ಇಲಾಖೆಯ ಪೂರ್ವಾನುಮತಿ ಅವಶ್ಯ.

ಮಾರ್ಚಿಯಿಂದ ಮೇ ವರೆಗೆ ಇಲ್ಲಿ ಬಿಸಿಲು ತೀವ್ರವಾಗಿರುತ್ತದೆ. ವೃದ್ಧರು ಮತ್ತು ಚಿಕ್ಕ ಮಕ್ಕಳೊಂದಿಗೆ ಬರುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಹಂಪಿ ಉತ್ಸವದ ದಿನಾಂಕವು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ (2024ರಲ್ಲಿ ಫೆಬ್ರವರಿ ತಿಂಗಳ ಆರಂಭದಲ್ಲಿ ನಡೆಯಿತು). ಆ ದಿನಗಳಲ್ಲಿ ಜನಸಂದಣಿ ವಿಪರೀತವಾಗಿದ್ದು, ಸಂಗ್ರಹಾಲಯವನ್ನು ಸಾವಧಾನವಾಗಿ ನೋಡಲಿಚ್ಛಿಸುವವರು ಬೇರೆ ದಿನಗಳನ್ನು ಆರಿಸಿಕೊಳ್ಳಬೇಕಾಗಿ ಕೋರಲಾಗಿದೆ.