ಊರಿನ ಪತ್ತಿರ್, ಬೆಂಗಳೂರಿನ ನೀರು

‘ನಿನ್ನ ಉಮ್ಮ ಇದನ್ನೆಲ್ಲ ಕಲಿಸ್ಲಿಲ್ವಾ?’

ಕರಾವಳಿಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದ ನಮ್ಮ ಹೆಣ್ಣುಮಕ್ಕಳಲ್ಲಿ ಈ ಮಾತನ್ನು ಒಮ್ಮೆಯಾದರೂ ಕೇಳದವರು ಕಡಿಮೆ. ಪತ್ತಿರ್ ಒಡೆದರೆ, ಹಿಟ್ಟು ಹುಳಿ ಬಾರದಿದ್ದರೆ, ಕುಚ್ಚಲಕ್ಕಿ ಅನ್ನ ಗಟ್ಟಿ ಉಳಿದರೆ ತಪ್ಪು ಸೀದಾ ಸೊಸೆಯ ಕೈಗೆ ಬೀಳುತ್ತದೆ, ಅಲ್ಲಿಂದ ಅವಳ ತವರಿಗೆ. ಆ ತಪ್ಪಿನಲ್ಲಿ ಬೆಂಗಳೂರಿನ ಪಾಲು ಎಷ್ಟು ಅಂತ ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ.

ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರು, ಇಂದಿರಾನಗರ, ಕೆ.ಆರ್.ಪುರಂ – ಈ ಕಡೆಯೆಲ್ಲ ವ್ಯಾಪಾರ, ಹೋಟೆಲ್, ಐಟಿ ಕೆಲಸ ಅಂತ ಬಂದು ನೆಲೆಸಿದ ಬ್ಯಾರಿ ಕುಟುಂಬಗಳು ಉಂಟು. ಊರಿಂದ ತಂದ ಪಾತ್ರೆ ಅದೇ, ಕೈಯೂ ಅದೇ. ಆದರೆ ನೀರು ಬೇರೆ, ಹವೆ ಬೇರೆ, ಅಕ್ಕಿ ಬೇರೆ.

ಅನ್ನ ಬೇಯದ ಗುಟ್ಟು

ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಬೆಂಗಳೂರು ಅದಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಕರಾವಳಿಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಬೆಂಕಿ ಜಾಸ್ತಿ ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಗ್ಯಾಸ್ ಮಾತ್ರ ಖರ್ಚು. ಮೂರು ಡಿಗ್ರಿ ದೊಡ್ಡದಲ್ಲ ಅನಿಸಬಹುದು. ಆದರೆ ಕುಚ್ಚಲಕ್ಕಿಯಂಥ ಗಟ್ಟಿ ಅಕ್ಕಿಗೆ, ಕಡಲೆಗೆ, ಮೂಳೆಯ ಮಾಂಸಕ್ಕೆ ಅದು ಗೊತ್ತಾಗುತ್ತದೆ. ಕುಕ್ಕರ್ ಒಳಗೆ ಉಗಿಯ ಒತ್ತಡದಿಂದ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ‘ಕುಕ್ಕರಿನಲ್ಲಿ ಮಾಡಿದ ಕುಚ್ಚಲಕ್ಕಿಗೆ ರುಚಿ ಇಲ್ಲ’ ಅಂತ ಊರಿನ ಹಿರಿಯರು ಹೇಳುತ್ತಾರೆ. ರಾತ್ರಿಯೇ ಅಕ್ಕಿ ನೆನೆಹಾಕಿ, ಬೆಳಿಗ್ಗೆ ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿದರೆ ಅವರಿಗೂ ಸಮಾಧಾನ.

ಇನ್ನೊಂದು ಬೋರ್‌ವೆಲ್ ನೀರು. ಕೆ.ಆರ್.ಪುರಂ ಕಡೆ ಕಾವೇರಿ ನೀರಿನ ಜೊತೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿದ ಮನೆಗಳು ತುಂಬ. ಆ ನೀರು ಗಡುಸಾದರೆ ಅದರಲ್ಲಿರುವ ಸುಣ್ಣದ ಅಂಶ ಕಡಲೆ, ಹೆಸರುಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಇಫ್ತಾರಿಗೆ ಅಂತ ಇಟ್ಟ ಕಡಲೆ ಎಷ್ಟು ಸೀಟಿ ಕೂಗಿಸಿದರೂ ಕಲ್ಲಿನ ಹಾಗೆ ಉಳಿಯುವುದು ಇದರಿಂದಲೂ ಇರಬಹುದು. ಕಾಳು ನೆನೆಸಲು, ಬೇಯಿಸಲು ಕಾವೇರಿ ನೀರು ಅಥವಾ ಫಿಲ್ಟರ್ ನೀರು ಬಳಸಿ ನೋಡಿ. ಸಮಸ್ಯೆ ಹೋದರೆ ತಪ್ಪು ಯಾರದ್ದು ಅಂತ ಗೊತ್ತಾಯಿತಲ್ಲ.

ಚಳಿಗೆ ಮಲಗಿದ ಹಿಟ್ಟು

ಊರಿನಲ್ಲಿ ರಾತ್ರಿ ರುಬ್ಬಿಟ್ಟ ಉದ್ದಿನ ದೋಸೆ ಹಿಟ್ಟು ಸುಬಹಿಯ ಹೊತ್ತಿಗೆ ಪಾತ್ರೆ ತುಂಬಿ ಹೊರಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಅಡುಗೆಮನೆಯಲ್ಲಿ ಅದೇ ಹಿಟ್ಟು ಇಟ್ಟಲ್ಲೇ ಇರುತ್ತದೆ. ಹಿಟ್ಟು ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಇಲ್ಲಿನ ಚಳಿಗಾಲದ ರಾತ್ರಿಯಲ್ಲಿ ಅದರ ಅರ್ಧದಷ್ಟೇ ಸಿಗುವುದು. ಸೋಡಾ ಹಾಕುವ ಅಗತ್ಯ ಇಲ್ಲ. ಉಗುರುಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯೊಳಗೆ ಹಿಟ್ಟಿನ ಪಾತ್ರೆ ಇಟ್ಟು, ಮೇಲೊಂದು ದಪ್ಪ ಬಟ್ಟೆ ಮುಚ್ಚಿ, ನಾಲ್ಕೈದು ಗಂಟೆ ಹೆಚ್ಚು ಕಾಯಿರಿ.

ಆದರೆ ಪತ್ತಿರ್ ಒಡೆದರೆ ಬೆಂಗಳೂರನ್ನು ದೂರಿ ಪ್ರಯೋಜನ ಇಲ್ಲ. ಗೋಧಿಯಲ್ಲಿ ಇರುವ ಅಂಟು ಅಕ್ಕಿಯಲ್ಲಿ ಇಲ್ಲ. ಕುದಿನೀರು ಬಿದ್ದಾಗ ಅಕ್ಕಿಯ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಹಿಟ್ಟನ್ನು ಹಿಡಿದಿಡುವುದು ಅದೇ. ಅದಕ್ಕೆ 97 ಡಿಗ್ರಿ ಧಾರಾಳ ಸಾಕು. ನೀರು ಕುದಿಸಿ ಕೆಳಗಿಟ್ಟು, ಮಗುವನ್ನು ಎತ್ತಿ, ಫೋನ್ ನೋಡಿ, ಆಮೇಲೆ ಹಿಟ್ಟು ಸುರಿದರೆ ನೀರು ಆರಿರುತ್ತದೆ. ನೀರು ಒಲೆಯ ಮೇಲೆ ಕುದಿಯುತ್ತಿರುವಾಗಲೇ ಹಿಟ್ಟು ಹಾಕಿ ಕಲಸಿ, ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು. ಉಮ್ಮಂದಿರು ತಣ್ಣೀರಿಗೆ ಕೈ ಅದ್ದಿ ಅದ್ದಿ ಬಿಸಿ ಹಿಟ್ಟನ್ನು ನಾದುತ್ತಿದ್ದದ್ದು ಸುಮ್ಮನೆ ಅಲ್ಲ.

ಸಮುದ್ರ ದಾಟಿದ ಮುಟ್ಟೆಮಾಲೆ

ನಮ್ಮ ಅಡುಗೆಯಲ್ಲಿ ಹೆಸರು ಗೆಲ್ಲಿಸುವುದೂ, ಮಾನ ಕಳೆಯುವುದೂ ಮುಟ್ಟೆಮಾಲೆ. ಹೊಸ ಮದುಮಗನ ತಟ್ಟೆಗೆ ಬರುವ ಸಿಹಿ. ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ, ತೂತು ಮಾಡಿದ ಗೆರಟೆಯಿಂದ ಕುದಿಯುವ ಸಕ್ಕರೆ ಪಾಕಕ್ಕೆ ಸುತ್ತಿ ಸುತ್ತಿ ಬಿಡಬೇಕು. ಪಾಕ ತೆಳ್ಳಗಾದರೆ ನೂಲು ತುಂಡಾಗುತ್ತದೆ, ಗಟ್ಟಿಯಾದರೆ ಮಾಲೆ ತಂತಿಯಾಗುತ್ತದೆ. ಉಳಿದ ಬಿಳಿಗೆ ಸಕ್ಕರೆ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಅದು ಇನ್ನೊಂದು ತಿಂಡಿ. ಏನೂ ಹಾಳಾಗುವುದಿಲ್ಲ.

ಇದೇ ತಿಂಡಿ ಪೋರ್ಚುಗಲ್‌ನಲ್ಲಿ ಉಂಟು, ‘ಫಿಯೊಸ್ ದೆ ಒವೊಸ್’ ಅಂದರೆ ಮೊಟ್ಟೆಯ ನೂಲು. ಥಾಯ್ಲೆಂಡಿನಲ್ಲಿ ‘ಫಾಯ್ ಥಾಂಗ್’, ಚಿನ್ನದ ನೂಲು. ಜಪಾನಿನಲ್ಲೂ ಇದೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹೋದ ಕಡೆಗಳಲ್ಲೆಲ್ಲ ಈ ಸಿಹಿ ಕಾಣುತ್ತದೆ, ನಮ್ಮ ಕರಾವಳಿಯಲ್ಲೂ. ಅಷ್ಟು ಸಮುದ್ರ ದಾಟಿದ ತಿಂಡಿಗೆ ಶಿರಾಡಿ ಘಾಟಿ ಯಾವ ಲೆಕ್ಕ? ಒಂದೇ ಜಾಗ್ರತೆ: ಯಾವುದೋ ವಿಡಿಯೊದಲ್ಲಿ ಹೇಳಿದ ಡಿಗ್ರಿ, ನಿಮಿಷ ನಂಬಬೇಡಿ. ಈ ಎತ್ತರದಲ್ಲಿ ಪಾಕವೂ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಎರಡು ಬೆರಳ ನಡುವೆ ಎಳೆ ನೋಡುವ ಉಮ್ಮನ ಲೆಕ್ಕ ಮಂಗಳೂರಿಗೂ ಸರಿ, ಬೆಂಗಳೂರಿಗೂ ಸರಿ.

ಹಾಗೆಯೇ ಸಾಮಾನು ಸಿಗುವುದಿಲ್ಲ ಅನ್ನುವ ದೂರೂ ಈಗ ಅಷ್ಟು ನಿಲ್ಲುವುದಿಲ್ಲ. 1927ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರ್ಕೆಟಿನಲ್ಲಿ ಮೀನು, ಮಾಂಸ, ತರಕಾರಿ ಒಂದೇ ಕಡೆ ಸಿಗುತ್ತದೆ. ಮೀನು ಮಾತ್ರ ಐಸಿನಲ್ಲಿ ರಾತ್ರಿ ಪ್ರಯಾಣ ಮಾಡಿ ಬಂದದ್ದು. ಬಂಗುಡೆ ತೆಗೆದುಕೊಳ್ಳುವಾಗ ಕಣ್ಣು ಹೊಳೆಯುತ್ತದಾ, ಕಿವಿರು ಕೆಂಪಗಿದೆಯಾ, ಬೆರಳಿಂದ ಒತ್ತಿದ ಜಾಗ ಮತ್ತೆ ಮೇಲೆ ಬರುತ್ತದಾ ನೋಡಿ. ಹಳೆಯ ಮೀನಿಗೆ ಎಷ್ಟು ಒಳ್ಳೆಯ ಮಸಾಲೆ ಅರೆದರೂ ಪದಾರ್ಥ ಗೆಲ್ಲುವುದಿಲ್ಲ. ಅದೂ ಅಡುಗೆ ಮಾಡಿದವಳ ತಪ್ಪಲ್ಲ, ಮೀನು ತಂದ ಗಂಡನದ್ದು.

ಊಟಕ್ಕೆ ಹೆಸರಿಡುವವರಿಗೆ

ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಊಟದ ಅದಬು ಹೇಳಿಕೊಡುತ್ತೇವೆ. ಬಿಸ್ಮಿ ಹೇಳಿ, ಬಲಗೈಯಲ್ಲಿ, ನಿಮ್ಮ ಮುಂದಿನಿಂದ ತಿನ್ನಿ ಅಂತ. ಮಕ್ಕಳು ಕಲಿಯುತ್ತಾರೆ. ದೊಡ್ಡವರು ಮರೆಯುವ ಪಾಠ ಇನ್ನೊಂದಿದೆ. ಪ್ರವಾದಿ(ಸ) ಯಾವತ್ತೂ ಊಟಕ್ಕೆ ಹೆಸರಿಟ್ಟವರಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂದು ಅಬೂ ಹುರೈರಾ(ರ) ವರದಿ ಮಾಡಿದ ಹದೀಸ್ ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಇದೆ. ಮನೆಯಲ್ಲಿ ಅವರು ಏನು ಮಾಡುತ್ತಿದ್ದರು ಅಂತ ಕೇಳಿದಾಗ, ಮನೆಯವರ ಕೆಲಸದಲ್ಲಿ ಇರುತ್ತಿದ್ದರು, ನಮಾಝಿನ ಹೊತ್ತಾದರೆ ಹೊರಡುತ್ತಿದ್ದರು ಎಂದು ಆಯಿಷಾ(ರ) ತಿಳಿಸಿದ್ದಾರೆ. ಉಪ್ಪು ಕಮ್ಮಿ ಅಂತ ತಟ್ಟೆ ದೂಡುವವರು, ಇಫ್ತಾರಿಗೆ ಐದು ನಿಮಿಷ ಇರುವಾಗ ಬಂದು ಕುಳಿತುಕೊಳ್ಳುವವರು ಈ ಎರಡನ್ನೂ ಒಟ್ಟಿಗೆ ಓದಿದರೆ ಒಳ್ಳೆಯದು.

ಕೈ ಅಳತೆಗೆ ತಕ್ಕಡಿ

ಇದಕ್ಕಿಂತ ದೊಡ್ಡ ನಷ್ಟ ಬೇರೆ ಉಂಟು. ನಮ್ಮ ಅಡುಗೆಯ ಲೆಕ್ಕ ಹೆಚ್ಚಿನದು ಉಮ್ಮಂದಿರ ಕೈಯಲ್ಲಿ ಇದೆ, ಕಾಗದದಲ್ಲಿ ಇಲ್ಲ. ‘ಎಷ್ಟು ಹಾಕ್ಬೇಕು?’ ಅಂದರೆ ‘ನೋಡಿ ಹಾಕು’ ಅನ್ನುತ್ತಾರೆ. ಆ ಕೈ ಇಲ್ಲವಾದ ದಿನ ಲೆಕ್ಕವೂ ಹೋಗುತ್ತದೆ. ಮಯ್ಯತ್ ಮನೆಯಲ್ಲಿ ‘ಅವರ ಪಿಂಡಿಯ ರುಚಿ ಮತ್ತೆ ಯಾರಿಗೂ ಬರಲಿಲ್ಲ’ ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ.

ಉಮ್ಮನನ್ನು ಕೂರಿಸಿ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಅವರ ಪಾಡಿಗೆ ಅವರು ಮಾಡಲಿ. ನೀವು ಅಕ್ಕಿಹಿಟ್ಟಿನ ಡಬ್ಬಿ, ತೆಂಗಿನ ತುರಿಯ ಬಟ್ಟಲು, ಮೆಣಸಿನ ಬಾಟಲಿ ಎಲ್ಲವನ್ನೂ ಮೊದಲೇ ತೂಗಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಉಮ್ಮನ ಕೈ ಅಳತೆ. ನೀರನ್ನೂ ಅಳೆದ ಚೆಂಬಿನಲ್ಲೇ ಕೊಡಿ. ಅಕ್ಕಿ ಯಾವ ಜಾತಿ, ಹೊಸತಾ ಹಳತಾ, ಮೆಣಸು ಬ್ಯಾಡಗಿಯಾ ಕುಮಟೆಯಾ, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಮಾಡಿದ್ದು – ಅದನ್ನೂ ಬರೆಯಿರಿ. ಬೆಂಗಳೂರಿನಲ್ಲಿ ಏನು ಬದಲಾಯಿಸಿದಿರಿ ಅಂತ ಅದರ ಪಕ್ಕದಲ್ಲೇ ಇನ್ನೊಂದು ಸಾಲು.

ಮನೆಯಲ್ಲಿ ಮಗ ಇದ್ದರೆ ತಕ್ಕಡಿ ಅವನ ಕೈಗೇ ಕೊಡಿ. ಹಾಸ್ಟೆಲಿಗೋ ಗಲ್ಫಿಗೋ ಹೋದಾಗ ಆ ಪುಸ್ತಕ ಅವನಿಗೂ ಬೇಕಾಗುತ್ತದೆ. ನಾಳೆ ಅವನ ಮನೆಗೆ ಬರುವ ಹೆಣ್ಣುಮಗಳು ‘ನಿನ್ನ ಉಮ್ಮ ಕಲಿಸ್ಲಿಲ್ವಾ?’ ಅನ್ನುವ ಮಾತು ಕೇಳದೆ ಬದುಕಬಹುದು.