ಗಾಲ್ಫ್ ಆಡುವವರೇ, ಬೆನ್ನು ಜೋಪಾನ

ಇವತ್ತಿನ ಮಾತು ಗಾಲ್ಫ್ ಆಡುವ ಹುಡುಗ ಹುಡುಗಿಯರಿಗೆ. ನಮ್ಮ ಕನ್ನಡ ಕೂಟದ ಪಿಕ್‌ನಿಕ್ಕಿಗೆ ಮೊದಲೆಲ್ಲ ಕ್ರಿಕೆಟ್ ಬ್ಯಾಟು ಮಾತ್ರ ಬರುತ್ತಿತ್ತು. ಈಗ ಕಾರಿನ ಡಿಕ್ಕಿ ತೆಗೆದರೆ ಪಕ್ಕದಲ್ಲೊಂದು ಗಾಲ್ಫ್ ಬ್ಯಾಗೂ ಇರುತ್ತದೆ. ಹೈಸ್ಕೂಲ್ ಟೀಮಿನಲ್ಲಿ ಆಡುವವರೂ ನಿಮ್ಮಲ್ಲಿ ಇದ್ದೀರಿ. ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಂಕಲ್, ಬಾಲ್ ಇನ್ನೂ ದೂರ ಹೋಗಬೇಕಾದರೆ ತೋಳಿಗೆ ಯಾವ ಎಕ್ಸರ್‌ಸೈಜ್ ಮಾಡಲಿ?"

ತೋಳನ್ನು ಸದ್ಯಕ್ಕೆ ಬಿಡಿ. ನಾನೂ ಹಾಗೇ ಅಂದುಕೊಂಡಿದ್ದವನೇ. ಮೂವತ್ತೆಂಟನೇ ವಯಸ್ಸಿನಲ್ಲಿ ಕ್ಲಬ್ ಹಿಡಿದು, ಡ್ರೈವಿಂಗ್ ರೇಂಜಿನಲ್ಲಿ ಒಂದೇ ಸಂಜೆ ನೂರು ಬಾಲ್ ಬಾರಿಸಿದೆ. ಮಾರನೇ ದಿನ ಶೂ ಲೇಸ್ ಕಟ್ಟಲು ಬಗ್ಗಲಾಗಲಿಲ್ಲ. ಹದಿನೈದು ದಿನ ಹೆಂಡತಿಯೇ ಕಟ್ಟಿಕೊಟ್ಟಳು, ನಗುತ್ತಾ.

ಏನಾಗಿತ್ತು ಅಂತ ಹೇಳುತ್ತೇನೆ. ಕ್ಲಬ್ ಮೇಲಿನಿಂದ ಕೆಳಗಿಳಿದು ಬಾಲಿಗೆ ತಾಗಲು ಹಿಡಿಯುವುದು ಸುಮಾರು ಕಾಲು ಸೆಕೆಂಡು. ಅಷ್ಟರೊಳಗೆ ಶಕ್ತಿ ನೆಲದಿಂದ ಹೊರಡಬೇಕು: ಪಾದ ನೆಲವನ್ನು ಒತ್ತುತ್ತದೆ, ಹಿಪ್ ತಿರುಗುತ್ತದೆ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ತೋಳು ಬರುವುದು ಸಾಲಿನ ಕೊನೆಯಲ್ಲಿ. ಈಗ ಬೆನ್ನುಮೂಳೆ ನೋಡಿ. ಕೆಳಬೆನ್ನಿನ ಐದು ಮೂಳೆಗಳು ಎಲ್ಲ ಸೇರಿ ಒಂದು ಕಡೆಗೆ ತಿರುಗುವುದು ಹೆಚ್ಚೆಂದರೆ ಹತ್ತು ಹದಿನೈದು ಡಿಗ್ರಿ. ಎದೆಯ ಹಿಂದಿನ ಭಾಗ ಅದರ ಎರಡರಷ್ಟಕ್ಕಿಂತ ಹೆಚ್ಚು ತಿರುಗುತ್ತದೆ. ಹಿಪ್ ಕೀಲುಗಳೂ ಚೆನ್ನಾಗಿ ತಿರುಗುತ್ತವೆ. ಆದರೆ ಇಡೀ ದಿನ ಕ್ಲಾಸಿನಲ್ಲಿ ಕೂತು, ಸಂಜೆ ಲ್ಯಾಪ್‌ಟಾಪಿನ ಮುಂದೆ ಗೂನು ಹಾಕಿಕೊಂಡು ಕೂತರೆ ಹಿಪ್ಪೂ ಎದೆಯೂ ಬಿಗಿಯುತ್ತವೆ. ಭುಜ ಮಾತ್ರ ತೊಂಬತ್ತು ಡಿಗ್ರಿ ತಿರುಗಲೇಬೇಕಲ್ಲ? ಬಾಕಿ ಲೆಕ್ಕವನ್ನು ಕೆಳಬೆನ್ನು ತೀರಿಸುತ್ತದೆ. ಗಾಲ್ಫ್ ಆಡುವವರಿಗೆ ಅತಿ ಹೆಚ್ಚು ನೋವು ಬರುವ ಜಾಗಗಳಲ್ಲಿ ಅದೇ ಮುಂದು. ಟೈಗರ್ ವುಡ್ಸ್‌ನಂಥವರೂ ಬೆನ್ನಿಗೆ ಹಲವು ಸಲ ಆಪರೇಷನ್ ಮಾಡಿಸಿಕೊಂಡರು. 2017ರಲ್ಲಿ ಮೂಳೆಗಳನ್ನೇ ಬೆಸೆಯಬೇಕಾಯಿತು. 2019ರಲ್ಲಿ ಮತ್ತೆ ಮಾಸ್ಟರ್ಸ್ ಗೆದ್ದರು ಅನ್ನುವುದು ಬೇರೆ ಮಾತು.

ಹಾಗಾಗಿ ಮೊದಲು ಕಲಿಯಬೇಕಾದ್ದು ಬಗ್ಗುವುದು. ನಗಬೇಡಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜಿ ಬಾಗಿಲ ಮುಂದೆ ರಂಗೋಲಿ ಹಾಕುವುದನ್ನು ನೋಡಿದ್ದೀರಲ್ಲ? ಎಷ್ಟೋ ಅಜ್ಜಿಯರು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವುದಿಲ್ಲ, ಹಿಪ್ಪಿನಿಂದ ಮಡಚಿಕೊಳ್ಳುತ್ತಾರೆ, ಬಾಗಿಲು ತನ್ನ ಕೀಲಿನಲ್ಲಿ ತಿರುಗಿದ ಹಾಗೆ. ಬಾಲಿನ ಮುಂದೆ ನಿಲ್ಲುವ ಭಂಗಿಗೂ ಬೇಕಾದ್ದು ಇದೇ. ಒಂದು ಕ್ಲಬ್ಬನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ. ಅದು ತಲೆಯ ಹಿಂಭಾಗ, ಭುಜಗಳ ನಡುವೆ, ಬೆನ್ನಿನ ತುದಿಯ ಮೂಳೆ, ಈ ಮೂರು ಕಡೆ ತಾಗಬೇಕು. ಮಂಡಿ ಸ್ವಲ್ಪ ಮಡಚಿ, ಹಿಂಭಾಗವನ್ನು ಗೋಡೆಯ ಕಡೆ ತಳ್ಳುತ್ತಾ ಬಗ್ಗಿ. ಮೂರರಲ್ಲಿ ಒಂದು ಜಾಗ ಬಿಟ್ಟಿತೋ, ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿಂದ. ಬೆನ್ನು ಗೂನಾದರೆ ಭುಜ ತಿರುಗುವುದಿಲ್ಲ. ಹಿಂಭಾಗ ಅತಿಯಾಗಿ ಎತ್ತಿ ನಡು ಒಳಗೆ ಬಾಗಿಸಿದರೆ ಕೆಳಬೆನ್ನಿಗೆ ಒತ್ತಡ. ಎರಡೂ ಬೇಡ.

ಇದು ಸಲೀಸಾದ ಮೇಲೆ ಭಾರ ಹಿಡಿಯಿರಿ. ಜಿಮ್ ಇಲ್ಲದಿದ್ದರೆ ಮನೆಯಲ್ಲಿ ಸೋನಾ ಮಸೂರಿ ಅಕ್ಕಿಯ ಚೀಲ ಇದ್ದೇ ಇರುತ್ತದೆ. 20 ಪೌಂಡಿನದು ಸಾಕು. ಅದನ್ನು ಬ್ಯಾಕ್‌ಪ್ಯಾಕಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಅದೇ ರೀತಿ ಬಗ್ಗಿ ಏಳಿ. ತೊಡೆಯ ಹಿಂಭಾಗ ಎಳೆದಂತಾಗಬೇಕು, ಬೆನ್ನಲ್ಲ. ಎಂಟು ಸಲ, ಮೂರು ಸುತ್ತು.

ಎದೆ ಬಿಡಿಸಲು ಒಂದು ಪಕ್ಕಕ್ಕೆ ಮಲಗಿ, ಎರಡೂ ಮಂಡಿ ಮಡಚಿ ಒಂದರ ಮೇಲೊಂದು ಇಡಿ. ಮೇಲಿನ ಕೈಯನ್ನು ಪುಸ್ತಕ ತೆರೆದಂತೆ ಹಿಂದಕ್ಕೆ ತೆರೆಯಿರಿ, ಕಣ್ಣೂ ಕೈಯ ಜೊತೆ ಹೋಗಲಿ. ಮಂಡಿ ಮಾತ್ರ ಅಲುಗಬಾರದು. ಮಲಗುವ ಮುಂಚೆ ಎರಡೂ ಕಡೆ ಹತ್ತು ಹತ್ತು ಸಲ.

ನನಗೆ ಬಹಳ ಇಷ್ಟವಾದ್ದು ಇನ್ನೊಂದು. ರಬ್ಬರ್ ಬ್ಯಾಂಡನ್ನು ಎದೆಯ ಎತ್ತರಕ್ಕೆ ಗಟ್ಟಿಯಾದ ಕಂಬಕ್ಕೆ ಕಟ್ಟಿ, ಪಕ್ಕಕ್ಕೆ ನಿಂತು, ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ನಿಧಾನವಾಗಿ ಮುಂದಕ್ಕೆ ಚಾಚಿ. ಬ್ಯಾಂಡ್ ನಿಮ್ಮನ್ನು ತಿರುಗಿಸಲು ನೋಡುತ್ತದೆ. ನೀವು ತಿರುಗಬಾರದು, ಅಷ್ಟೇ ಕೆಲಸ. ತಿರುಗುವ ಆಟಕ್ಕೆ ತಿರುಗದಿರುವ ವ್ಯಾಯಾಮ ಯಾಕೆ ಅಂದರೆ, ನಡು ಗಟ್ಟಿ ನಿಂತರೆ ಹಿಪ್ಪಿನ ಶಕ್ತಿ ಸೋರದೆ ಭುಜಕ್ಕೆ ಮುಟ್ಟುತ್ತದೆ. ಇದರ ಜೊತೆ ಬಸ್ಕಿ, ಸೈಡ್ ಪ್ಲ್ಯಾಂಕ್, ಬೆನ್ನ ಮೇಲೆ ಮಲಗಿ ಹಿಪ್ ಎತ್ತುವ ಬ್ರಿಡ್ಜ್ ಸೇರಿಸಿಕೊಳ್ಳಿ. ಅಪ್ಪ ಸ್ಕೂಲಿನಲ್ಲಿ ಬಸ್ಕಿ ಹೊಡೆದದ್ದು ಶಿಕ್ಷೆಗೆ, ನೀವು ಹೊಡೆಯುವುದು ಡ್ರೈವಿಗೆ! ಗಾಲ್ಫ್ ಒಂದೇ ಕಡೆಗೆ ತಿರುಗುವ ಆಟ, ಆದ್ದರಿಂದ ಬಲಕ್ಕೆ ಮಾಡಿದಷ್ಟನ್ನೇ ಎಡಕ್ಕೂ ಮಾಡಿ. ವಾರಕ್ಕೆ ಎರಡು ದಿನ ಸಾಕು. ಮ್ಯಾಚಿನ ಹಿಂದಿನ ದಿನ ಬೇಡ.

ದೂರ ಒಂದೇ ಎಲ್ಲವೂ ಅಲ್ಲ ಅಂತಲೂ ಹೇಳಿಬಿಡುತ್ತೇನೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ತಾಯಿಯೇ ಕ್ಯಾಡಿಯಾಗಿ ಜೊತೆಗಿರಲು, ನಾಲ್ಕು ದಿನ 72 ಹೋಲ್ ಆಡಿ ನಾಲ್ಕನೇ ಸ್ಥಾನಕ್ಕೆ ಬಂದರು. ಕಂಚಿನ ಪದಕ ತಪ್ಪಿದ್ದು ಒಂದೇ ಏಟಿನಲ್ಲಿ. ಮೊದಲ ಹೋಲಿನಲ್ಲಿದ್ದ ಭಂಗಿ ಎಪ್ಪತ್ತೆರಡನೆಯದರಲ್ಲೂ ಉಳಿಯಬೇಕಾದರೆ ಕಾಲಿಗೂ ನಡುವಿಗೂ ಕಸುವು ಬೇಕೇ ಬೇಕು.

ವ್ಯಾಯಾಮದ ಮಾರನೇ ದಿನ ತೊಡೆ ಹಿಡಿದುಕೊಂಡರೆ ಹೆದರಬೇಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಬೆನ್ನಿನ ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ, ರಾತ್ರಿ ನಿದ್ದೆ ಕೆಡಿಸಿದರೆ ಕ್ಲಬ್ ಕೆಳಗಿಟ್ಟು ಅಮ್ಮನಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಕೋಚ್ ಟೀಮಿನಿಂದ ಬಿಡುತ್ತಾರೆ ಅಂತ ಮುಚ್ಚಿಡಬೇಡಿ.